ದತ್ತಸಂಚಯದ ಕೀಲಿಕೈ ಯಾರ ಕೈಯಲ್ಲಿರಬೇಕು?

2024ರ ಜುಲೈ ತಿಂಗಳಲ್ಲಿ ಹನ್ನೆರಡು ದಿನಗಳ ಅಂತರದಲ್ಲಿ ಎರಡು ಘಟನೆಗಳು ನಡೆದವು. ಜುಲೈ 19ರ ಶುಕ್ರವಾರ ಬೆಳಿಗ್ಗೆ ಮುಂಬಯಿ, ದೆಹಲಿ, ಬೆಂಗಳೂರು, ಹೈದರಾಬಾದ್ ವಿಮಾನ ನಿಲ್ದಾಣಗಳಲ್ಲಿ ವಿಮಾನ ಸಂಸ್ಥೆಗಳ ಗಣಕಯಂತ್ರಗಳು ನೀಲಿ ಪರದೆ ತೋರಿಸಿ ನಿಂತುಹೋದವು. ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಜುಲೈ 31ರಂದು ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಮೊದಲಾದ ಪಾವತಿ ಸೌಲಭ್ಯಗಳು ದೊರೆಯದಾದವು. ಇವುಗಳಲ್ಲಿ ಬಹುಪಾಲು ಸಹಕಾರಿ ಬ್ಯಾಂಕುಗಳು ಹಾಗೂ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳು. ಅವುಗಳಿಗೆ ತಾಂತ್ರಿಕ ಸೇವೆ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿ, ಅಂದರೆ ದತ್ತಾಂಶಕ್ಕೆ ಬೀಗ ಜಡಿದು ಬಿಡುಗಡೆಗೆ ಹಣ ಕೇಳುವ ದಾಳಿ ನಡೆದಿತ್ತು. ರಾಷ್ಟ್ರೀಯ ಪಾವತಿ ನಿಗಮವು ಸೋಂಕು ಹರಡದಿರಲೆಂದು ಆ ಸಂಸ್ಥೆಯನ್ನು ತನ್ನ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿ, ಮರುದಿನ ಸಂಪರ್ಕವನ್ನು ಮತ್ತೆ ಕೊಟ್ಟಿತು.

ಈ ಎರಡು ಘಟನೆಗಳನ್ನು ಪತ್ರಿಕೆಗಳು ಬೇರೆಬೇರೆಯಾಗಿ ವರದಿ ಮಾಡಿದವು. ಆದರೆ ಅವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಚಿತ್ರ ಸಂಗತಿ ಕಾಣುತ್ತದೆ. ಮೊದಲನೆಯದು, ಸುರಕ್ಷತೆಗಾಗಿಯೇ ಕಳುಹಿಸಿದ ಒಂದು ಅಪ್‌ಡೇಟ್ ಯಾರ ಅಪ್ಪಣೆಗೂ ಕಾಯದೆ ಯಂತ್ರಗಳೊಳಗೆ ತಾನಾಗಿಯೇ ಇಳಿದುದರಿಂದ ಆದ ಅನಾಹುತ. ಎರಡನೆಯದು, ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆಯ ವಿಶ್ಲೇಷಣೆಯ ಪ್ರಕಾರ, ಸಹವರ್ತಿ ಸಂಸ್ಥೆಯೊಂದರಲ್ಲಿ ಸರಿಯಾಗಿ ಭದ್ರಪಡಿಸದೆ ಬಿಟ್ಟಿದ್ದ ಜೆಂಕಿನ್ಸ್ ಎಂಬ ತಂತ್ರಾಂಶದ ಸರ್ವರ್ ಮೂಲಕ ನುಗ್ಗಿದ ದಾಳಿ. ಅಲ್ಲಿ ಬಳಕೆಯಾಯಿತೆನ್ನಲಾದ ದೋಷಕ್ಕೆ ದುರಸ್ತಿ ಬಂದದ್ದು ಅದೇ ವರ್ಷದ ಜನವರಿಯಲ್ಲಿ. ಒಂದು ಕಡೆ ಅಪ್‌ಡೇಟ್ ಅವಸರದಲ್ಲಿ ಬಂದು ಕೆಡಿಸಿತು. ಇನ್ನೊಂದು ಕಡೆ ಆರು ತಿಂಗಳಾದರೂ ಹಾಕದೆ ಉಳಿದು ಕೆಡಿಸಿತು. ಅತ್ತ ದರಿ, ಇತ್ತ ಹುಲಿ.

ಹಾಗಾದರೆ ಅಪ್‌ಡೇಟುಗಳನ್ನು ಸ್ವಯಂಚಾಲಿತವಾಗಿ ಬರಗೊಡಬೇಕೇ, ತಡೆದು ಪರೀಕ್ಷಿಸಬೇಕೇ? ಇದು ತಂತ್ರಜ್ಞರ ಕೊಠಡಿಯೊಳಗಿನ ಚರ್ಚೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಉಳಿತಾಯ, ನಮ್ಮ ವಿಮೆ, ಮಕ್ಕಳ ಶಾಲಾ ದಾಖಲೆ, ಹಿರಿಯರ ಆಸ್ಪತ್ರೆಯ ಚೀಟಿ, ಕೊನೆಗೆ ನಮ್ಮ ಕನ್ನಡ ಸಂಘದ ಸದಸ್ಯರ ಪಟ್ಟಿ ಇವೆಲ್ಲವೂ ಇಂದು ಯಾವುದೋ ಒಂದು ಡೇಟಾಬೇಸ್ ಸರ್ವರಿನ ಆಶ್ರಯದಲ್ಲಿವೆ.

ಲೆಡ್ಜರಿನಿಂದ ಸರ್ವರಿಗೆ

ಬ್ಯಾಂಕು ಶಾಖೆಗಳಲ್ಲಿ ಒಂದು ಕಾಲಕ್ಕೆ ಗೋಡೆಯುದ್ದಕ್ಕೂ ದಪ್ಪ ಲೆಡ್ಜರುಗಳಿದ್ದವು. ಆ ಲೆಡ್ಜರುಗಳ ಸ್ಥಾನದಲ್ಲಿ ಇಂದು ಡೇಟಾಬೇಸ್, ಅಂದರೆ ದತ್ತಸಂಚಯ ಬಂದಿದೆ. ಅದನ್ನು ಕಾಯ್ದಿಟ್ಟು, ಕೇಳಿದವರಿಗೆ ಕೇಳಿದ ಪುಟವನ್ನು ತೆರೆದುಕೊಡುವ ಯಂತ್ರವೇ ಡೇಟಾಬೇಸ್ ಸರ್ವರ್. ಆರಾಕಲ್, ಎಸ್‌ಕ್ಯೂಎಲ್ ಸರ್ವರ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಮೊದಲಾದ ತಂತ್ರಾಂಶಗಳು ಈ ಕೆಲಸ ಮಾಡುತ್ತವೆ. ಲಕ್ಷಾಂತರ ಸಾಲುಗಳಲ್ಲಿ ಬರೆದ ಯಾವ ತಂತ್ರಾಂಶವೂ ದೋಷರಹಿತವಲ್ಲ. ದೋಷ ಕಂಡಾಗ ತಯಾರಕರು ಅದಕ್ಕೊಂದು ಪ್ಯಾಚ್, ನಮ್ಮ ಮಾತಿನಲ್ಲಿ ಹೇಳುವುದಾದರೆ ತೇಪೆ, ಹೊರತರುತ್ತಾರೆ. ಮೈಕ್ರೋಸಾಫ್ಟ್ 2003ರ ಅಕ್ಟೋಬರ್‌ನಿಂದ ಪ್ರತಿ ತಿಂಗಳ ಎರಡನೆಯ ಮಂಗಳವಾರ ಇಂತಹ ತೇಪೆಗಳನ್ನು ನೀಡುವ ಪದ್ಧತಿ ಇಟ್ಟುಕೊಂಡಿದೆ. ಆರಾಕಲ್ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಹೀಗೆ ಮೂರು ತಿಂಗಳಿಗೊಮ್ಮೆ ನೀಡುತ್ತ ಬಂದಿದೆ.

ಇಲ್ಲಿಯೇ ಒಂದು ತೊಡಕಿದೆ. ತೇಪೆ ಪ್ರಕಟವಾದ ದಿನವೇ ಬಟ್ಟೆ ಎಲ್ಲಿ ಹರಿದಿದೆ ಎಂಬುದು ಕಳ್ಳರಿಗೂ ತಿಳಿಯುತ್ತದೆ. ಹಳೆಯ ತಂತ್ರಾಂಶವನ್ನೂ ಹೊಸದನ್ನೂ ಹೋಲಿಸಿ ನೋಡಿದರೆ ಬದಲಾದ ಜಾಗ ಯಾವುದೆಂದು ಬಲ್ಲವರು ಕಂಡುಹಿಡಿಯುತ್ತಾರೆ. ಆದ್ದರಿಂದ ತೇಪೆ ಬಂದ ಗಳಿಗೆಯಿಂದ ಅದನ್ನು ಹಾಕುವ ಗಳಿಗೆಯವರೆಗಿನ ಅವಧಿಯೇ ಅತ್ಯಂತ ಅಪಾಯದ ಅವಧಿ.

ತಡ ಮಾಡಿದವರಿಗೆ ತಗಲಿದ ವೆಚ್ಚ

ಡೇಟಾಬೇಸ್ ಸರ್ವರುಗಳ ಚರಿತ್ರೆಯಲ್ಲಿ 2003ರ ಜನವರಿ 25 ಮರೆಯಲಾಗದ ದಿನ. ಅಂದು ಶನಿವಾರ, ಭಾರತದಲ್ಲಿ ಬೆಳಗಿನ ಸುಮಾರು 11 ಗಂಟೆ. ‘ಸ್ಲಾಮರ್’ ಎಂಬ ಹುಳುವೊಂದು ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರಿನ ಒಂದು ದೋಷದ ಮೂಲಕ ಅಂತರ್ಜಾಲದಲ್ಲಿ ಹಬ್ಬತೊಡಗಿತು. ಅದರ ಗಾತ್ರ ಕೇವಲ 376 ಬೈಟುಗಳು. ಕನ್ನಡದ ಒಂದು ಸಣ್ಣ ಪ್ಯಾರಾಕ್ಕಿಂತಲೂ ಕಡಿಮೆ. ಆರಂಭದಲ್ಲಿ ಅದರ ಸಂಖ್ಯೆ ಎಂಟೂವರೆ ಸೆಕೆಂಡಿಗೊಮ್ಮೆ ಇಮ್ಮಡಿಯಾಗುತ್ತಿತ್ತು. ಆ ದೋಷವಿದ್ದ ಯಂತ್ರಗಳಲ್ಲಿ ನೂರಕ್ಕೆ ತೊಂಬತ್ತು ಹತ್ತೇ ನಿಮಿಷಗಳಲ್ಲಿ ಸೋಂಕಿಗೆ ಒಳಗಾದವು. ಒಟ್ಟು ಸಂಖ್ಯೆ ಕನಿಷ್ಠ 75,000. ದಕ್ಷಿಣ ಕೊರಿಯಾದಲ್ಲಿ ಅಂತರ್ಜಾಲ ಬಹುಮಟ್ಟಿಗೆ ಸ್ತಬ್ಧವಾಯಿತು. ಅಮೆರಿಕದ ಬ್ಯಾಂಕ್ ಆಫ್ ಅಮೆರಿಕದ ಸುಮಾರು 13,000 ಎಟಿಎಂಗಳು ಹಣ ಕೊಡದಾದವು.

ಈ ದೋಷಕ್ಕೆ ತೇಪೆ ಆರು ತಿಂಗಳ ಮೊದಲೇ, 2002ರ ಜುಲೈನಲ್ಲಿ ಬಂದಿತ್ತು. ಆದರೂ ಏಕೆ ಹಾಕಲಿಲ್ಲ? ಅದನ್ನು ಹಾಕುವ ಕ್ರಮ ಸುಲಭವಾಗಿರಲಿಲ್ಲ. ಬೇರೆ ತಂತ್ರಾಂಶಗಳ ಹೊಟ್ಟೆಯೊಳಗೆ ಇದೇ ಡೇಟಾಬೇಸ್ ಅಡಗಿದ್ದುದರಿಂದ ತಮ್ಮಲ್ಲಿ ಅದಿದೆ ಎಂಬುದೇ ಅನೇಕರಿಗೆ ತಿಳಿದಿರಲಿಲ್ಲ. ಮೈಕ್ರೋಸಾಫ್ಟ್‌ನ ಒಳಗಿನ ಕೆಲವು ಸರ್ವರುಗಳೂ ಅಂದು ಸೋಂಕಿಗೆ ತುತ್ತಾದವು. ತೇಪೆ ಹೊಲಿದುಕೊಟ್ಟವರ ಮನೆಯಲ್ಲಿಯೇ ಅದನ್ನು ಹಾಕಿಕೊಂಡಿರಲಿಲ್ಲವೆಂದರೆ ಉಳಿದವರನ್ನು ದೂರಿ ಏನು ಫಲ?

ಹದಿನಾಲ್ಕು ವರ್ಷಗಳ ನಂತರ, 2017ರಲ್ಲಿ, ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯಲ್ಲಿ ನಡೆದುದು ಇನ್ನೂ ಬೋಧಪ್ರದವಾಗಿದೆ. ಜನರ ಸಾಲದ ಚರಿತ್ರೆಯನ್ನು ಸಂಗ್ರಹಿಸಿಡುವ ಸಂಸ್ಥೆ ಅದು; ನಮ್ಮಲ್ಲಿ ಸಾಲ ಕೊಡುವ ಮುನ್ನ ಬ್ಯಾಂಕುಗಳು ಸಿಬಿಲ್ ಅಂಕ ನೋಡುವಂತೆ ಅಲ್ಲಿ ಇಂತಹ ಸಂಸ್ಥೆಗಳನ್ನು ಕೇಳುತ್ತಾರೆ. ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದ ದೋಷದ ಬಗ್ಗೆ ಮಾರ್ಚ್ ತಿಂಗಳಲ್ಲಿಯೇ ಎಚ್ಚರಿಕೆ ಬಂದಿತ್ತು. 48 ಗಂಟೆಗಳೊಳಗೆ ಸರಿಪಡಿಸಬೇಕೆಂದು ಸಂಸ್ಥೆಯೊಳಗೆ ಸೂಚನೆಯೂ ಹೋಗಿತ್ತು. ಒಂದು ಹಳೆಯ ವ್ಯವಸ್ಥೆಯಲ್ಲಿ ಮಾತ್ರ ಆ ಕೆಲಸ ಆಗಲಿಲ್ಲ. ಮೇ ತಿಂಗಳ ಮಧ್ಯದಲ್ಲಿ ಕಳ್ಳರು ಒಳಹೊಕ್ಕರು. ಪತ್ತೆಯಾದದ್ದು ಜುಲೈ 29ರಂದು. ಸುಮಾರು 14.7 ಕೋಟಿ ಜನರ ವಿವರಗಳು ಕಳವಾದವು. 2019ರಲ್ಲಿ ಆದ ಒಪ್ಪಂದದಂತೆ ಸಂಸ್ಥೆ ತೆರಬೇಕಾದ ಮೊತ್ತ 70 ಕೋಟಿ ಡಾಲರುಗಳವರೆಗೆ ಹೋಗಬಹುದೆಂದು ನಿಗದಿಯಾಯಿತು.

ಇದರಲ್ಲಿ ಗಮನಿಸಬೇಕಾದ ಅಂಶ ಮತ್ತೊಂದಿದೆ. ತೇಪೆ ಹಾಕದೆ ಬಿಟ್ಟದ್ದರಿಂದ ಮೊದಲ ಬಾಗಿಲು ತೆರೆಯಿತು, ನಿಜ. ಆದರೆ ಕಳ್ಳರಿಗೆ ಒಳಗೆ ಸಿಕ್ಕಿದ್ದು ಬಳಕೆದಾರರ ಹೆಸರು ಮತ್ತು ಗುಪ್ತಪದಗಳನ್ನು ಹಾಗೆಯೇ ಬರೆದಿಟ್ಟಿದ್ದ ಒಂದು ಕಡತ. ಅದರ ಬಲದಿಂದ ಅವರು ಆ ವ್ಯವಸ್ಥೆಗೆ ಸಂಬಂಧವೇ ಇಲ್ಲದ 48 ಡೇಟಾಬೇಸುಗಳನ್ನು ತಡಕಾಡಿದರೆಂದು ಅಮೆರಿಕದ ಸಂಸದೀಯ ಸಮಿತಿಯ ವರದಿ ಹೇಳಿತು. ಹೊರಬಾಗಿಲು ಮುರಿದದ್ದು ಒಂದು ತಪ್ಪು. ಒಳಗಿನ ಎಲ್ಲ ಕೋಣೆಗಳ ಕೀಲಿಗೊಂಚಲನ್ನು ಜಗಲಿಯ ಮೊಳೆಗೆ ನೇತುಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು.

ಮನುಷ್ಯನ ವೇಗ ಇಲ್ಲಿ ಎಷ್ಟು ಸಾಲದೆಂಬುದಕ್ಕೆ 2014ರ ಡ್ರೂಪಲ್ ಪ್ರಕರಣ ಸಾಕ್ಷಿ. ಸಂಘ ಸಂಸ್ಥೆಗಳು, ಶಾಲೆಗಳು, ಸರಕಾರಿ ಇಲಾಖೆಗಳು ಜಾಲತಾಣ ನಡೆಸಲು ಬಳಸುವ ತಂತ್ರಾಂಶ ಅದು. ಅದರಲ್ಲಿನ ದೋಷವೊಂದರಿಂದ, ಹೊರಗಿನವರು ಜಾಲತಾಣದ ಮೂಲಕ ಡೇಟಾಬೇಸಿಗೆ ನೇರವಾಗಿ ಆಜ್ಞೆ ಕೊಡಬಹುದಾಗಿತ್ತು. ಅಕ್ಟೋಬರ್ 15ರಂದು ತೇಪೆ ಹೊರಬಂದಿತು. ಎರಡು ವಾರಗಳ ನಂತರ ಡ್ರೂಪಲ್ ಭದ್ರತಾ ತಂಡ ಹೊರಡಿಸಿದ ಪ್ರಕಟಣೆ ಹೀಗಿತ್ತು: ಘೋಷಣೆಯಾದ ಏಳು ಗಂಟೆಗಳೊಳಗೆ ತೇಪೆ ಹಾಕಿರದ ತಾಣಗಳವರು ತಮ್ಮ ತಾಣ ಕಳ್ಳರ ವಶವಾಗಿದೆ ಎಂದೇ ಭಾವಿಸಬೇಕು. ಭಾರತದ ವೇಳೆಗೆ ಲೆಕ್ಕ ಹಾಕಿದರೆ ಘೋಷಣೆ ರಾತ್ರಿ ಒಂಬತ್ತೂವರೆಗೆ. ಏಳು ಗಂಟೆಗಳ ಗಡುವು ಮುಗಿದದ್ದು ಬೆಳಗಿನ ಜಾವ ನಾಲ್ಕೂವರೆಗೆ. ಮುಂಬಯಿಯ ಅಥವಾ ಚೆನ್ನೈಯ ಯಾವ ಸಂಘದ ಕಾರ್ಯದರ್ಶಿ ಆ ಹೊತ್ತಿನಲ್ಲಿ ಎದ್ದು ಕುಳಿತು ತೇಪೆ ಹಾಕಬಲ್ಲರು? ಸ್ವಯಂಚಾಲಿತ ಅಪ್‌ಡೇಟಿನ ಪರವಾಗಿ ಇದಕ್ಕಿಂತ ಬಲವಾದ ವಾದವಿಲ್ಲ.

ಬೇಲಿಯೇ ಹೊಲ ಮೇಯ್ದಾಗ

ಇನ್ನು ಎದುರು ಪಕ್ಷದ ವಾದ. 2024ರ ಜುಲೈ 19ರ ಘಟನೆಗೆ ಕಾರಣವಾದದ್ದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ಒಂದು ಸಣ್ಣ ಕಡತ. ಭಾರತೀಯ ಕಾಲಮಾನ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಅದು ಹೊರಟಿತು; 10 ಗಂಟೆ 57 ನಿಮಿಷಕ್ಕೆ ಹಿಂತೆಗೆದುಕೊಂಡರು. ಆ 78 ನಿಮಿಷಗಳಲ್ಲಿ, ಮೈಕ್ರೋಸಾಫ್ಟ್ ಅಂದಾಜಿನಂತೆ, ಜಗತ್ತಿನಾದ್ಯಂತ 85 ಲಕ್ಷ ಯಂತ್ರಗಳು ನಿಂತವು. ತಂತ್ರಾಂಶ 20 ಅಂಶಗಳನ್ನು ನಿರೀಕ್ಷಿಸುತ್ತಿದ್ದಲ್ಲಿ ಕಡತ 21ನ್ನು ಕೇಳಿತ್ತು ಎಂಬುದು ಸಂಸ್ಥೆಯೇ ಪ್ರಕಟಿಸಿದ ಕಾರಣ. ತಾನಾಗಿ ಇಳಿದ ಅಪ್‌ಡೇಟ್ ತಾನಾಗಿ ಹಿಂದಿರುಗಲಿಲ್ಲ. ಬಹುಪಾಲು ಯಂತ್ರಗಳ ಮುಂದೆ ಒಬ್ಬೊಬ್ಬ ಮನುಷ್ಯ ಕುಳಿತು, ಆ ಕಡತವನ್ನು ಅಳಿಸಿ, ಮತ್ತೆ ಚಾಲನೆ ಕೊಡಬೇಕಾಯಿತು.

ಎಚ್ಚರದಿಂದಿದ್ದ ಕೆಲವು ಸಂಸ್ಥೆಗಳು ‘ನಮಗೆ ಅತಿ ಹೊಸ ಆವೃತ್ತಿ ಬೇಡ, ಒಂದು ಹೆಜ್ಜೆ ಹಿಂದಿನದಿರಲಿ’ ಎಂದು ಮೊದಲೇ ಆಯ್ದುಕೊಂಡಿದ್ದವು. ಆದರೂ ಅವು ಪಾರಾಗಲಿಲ್ಲ. ಆ ಆಯ್ಕೆ ಮುಖ್ಯ ತಂತ್ರಾಂಶಕ್ಕೆ ಅನ್ವಯಿಸುತ್ತಿತ್ತೇ ಹೊರತು ಇಂತಹ ದಿನನಿತ್ಯದ ಕಡತಗಳಿಗಲ್ಲ. ಮುಂಬಾಗಿಲಿಗೆ ಚಿಲಕ ಹಾಕಿದವರಿಗೆ ಹಿತ್ತಿಲ ಬಾಗಿಲೊಂದಿದೆ ಎಂಬುದೇ ತಿಳಿದಿರಲಿಲ್ಲ. ಇನ್ನು ಮುಂದೆ ಇಂತಹ ಕಡತಗಳನ್ನೂ ಹಂತಹಂತವಾಗಿ ಬಿಡುಗಡೆ ಮಾಡುವುದಾಗಿ, ಗ್ರಾಹಕರಿಗೆ ಹಿಡಿತ ಕೊಡುವುದಾಗಿ ಸಂಸ್ಥೆ ನಂತರ ಹೇಳಿತು. ನಮ್ಮ ದೇಶದ ಬ್ಯಾಂಕುಗಳ ಪುಣ್ಯ, ಅಂದು ಹತ್ತು ಬ್ಯಾಂಕು ಹಾಗೂ ಹಣಕಾಸು ಸಂಸ್ಥೆಗಳಿಗೆ ಮಾತ್ರ ಸಣ್ಣಪುಟ್ಟ ಅಡಚಣೆಯಾಯಿತೆಂದು ರಿಸರ್ವ್ ಬ್ಯಾಂಕ್ ಪ್ರಕಟಿಸಿತು.

ಅದು ಕೈತಪ್ಪಿನಿಂದಾದದ್ದು. ಬುದ್ಧಿಪೂರ್ವಕವಾಗಿ ಅಪ್‌ಡೇಟಿನ ದಾರಿಯನ್ನೇ ಹಿಡಿದು ಬಂದ ದಾಳಿಗಳೂ ಇವೆ. 2017ರ ಜೂನ್ 27ರಂದು ಉಕ್ರೇನಿನ ಲೆಕ್ಕಪತ್ರ ತಂತ್ರಾಂಶವೊಂದರ ಅಪ್‌ಡೇಟ್ ಮೂಲಕ ‘ನಾಟ್‌ಪೆಟ್ಯಾ’ ಹರಡಿತು. ಅಲ್ಲಿಂದ ಅದು ಮೆರ್ಸ್ಕ್ ಎಂಬ ಡೆನ್ಮಾರ್ಕಿನ ಹಡಗು ಕಂಪನಿಗೆ ತಲುಪಿ, ಆ ಕಂಪನಿ ನಡೆಸುತ್ತಿದ್ದ ಟರ್ಮಿನಲ್ ಇದ್ದುದರಿಂದ ನಮ್ಮ ನ್ಹಾವಾ ಶೇವಾದ ಜವಾಹರಲಾಲ್ ನೆಹರು ಬಂದರಿನಲ್ಲೂ ಕಂಟೇನರುಗಳ ಕೆಲಸ ತಡೆಯಿತು. ಉಕ್ರೇನಿನ ಗುಮಾಸ್ತನೊಬ್ಬ ತೆರಿಗೆ ಲೆಕ್ಕಕ್ಕೆ ಬಳಸುವ ತಂತ್ರಾಂಶಕ್ಕೂ ನವಿ ಮುಂಬಯಿಯ ಲಾರಿ ಚಾಲಕನಿಗೂ ಇಂತಹ ನಂಟು!

2024ರ ಮಾರ್ಚ್ ಕೊನೆಯಲ್ಲಿ ಬಯಲಾದ ‘ಎಕ್ಸ್‌ಝಡ್’ ಪ್ರಕರಣ ಡೇಟಾಬೇಸ್ ಜಗತ್ತಿಗೆ ಇನ್ನೂ ಹತ್ತಿರದ್ದು. ಲಿನಕ್ಸ್ ಯಂತ್ರಗಳಲ್ಲಿ ಬಳಕೆಯಾಗುವ ಒಂದು ಪುಟ್ಟ ತಂತ್ರಾಂಶದೊಳಗೆ ಯಾರೋ ಎರಡು ವರ್ಷಗಳಿಗೂ ಹೆಚ್ಚು ಕಾಲ ಸ್ವಯಂಸೇವಕರಂತೆ ನಟಿಸಿ, ವಿಶ್ವಾಸ ಗಳಿಸಿ, ಕಳ್ಳದಾರಿಯೊಂದನ್ನು ಸೇರಿಸಿದ್ದರು. ಅದನ್ನು ಪತ್ತೆಹಚ್ಚಿದವರು ಪೋಸ್ಟ್‌ಗ್ರೆಸ್ ಡೇಟಾಬೇಸಿನ ನಿರ್ಮಾತೃಗಳಲ್ಲೊಬ್ಬರಾದ ಆಂಡ್ರೆಸ್ ಫ್ರಾಯಿಂಡ್. ದೂರದ ಯಂತ್ರಕ್ಕೆ ಪ್ರವೇಶ ಪಡೆಯುವಾಗ ಸುಮಾರು ಅರ್ಧ ಸೆಕೆಂಡ್ ಹೆಚ್ಚಿಗೆ ಹಿಡಿಯುತ್ತಿದೆಯಲ್ಲ ಎಂಬ ಸಂಶಯವೇ ಅವರಿಗೆ ದಾರಿ ತೋರಿತು. ಆ ಹೊತ್ತಿಗೆ ಕೆಟ್ಟ ಆವೃತ್ತಿಗಳು ತಲುಪಿದ್ದು ಮುಖ್ಯವಾಗಿ ಹೊಸದನ್ನು ಕೂಡಲೇ ಸ್ವೀಕರಿಸುವ ಪ್ರಾಯೋಗಿಕ ಲಿನಕ್ಸ್ ಆವೃತ್ತಿಗಳನ್ನು. ತಡೆದು, ನೋಡಿ, ತೆಗೆದುಕೊಳ್ಳುವ ಡೆಬಿಯನ್ನಿನ ಸ್ಥಿರ ಆವೃತ್ತಿಯಂಥವು ಬಚಾವಾದವು.

ಸ್ಟ್ರಾಂಗ್ ರೂಮಿನ ಎರಡು ಕೀಲಿಗಳು

ಈ ಎರಡು ಪಕ್ಷಗಳ ನಡುವೆ ತೀರ್ಪು ಕೊಡುವ ಮುನ್ನ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿ ಕೇಳಬೇಕೆಂದು ನನಗನ್ನಿಸುತ್ತದೆ. ಅಪ್‌ಡೇಟ್ ತಾನಾಗಿ ಬರಬೇಕೇ ಬೇಡವೇ ಎಂಬುದಕ್ಕಿಂತ, ಅದು ಬರುವಾಗ ಯಾವ ಕೀಲಿಕೈ ಹಿಡಿದು ಬರುತ್ತದೆ ಎಂಬುದೇ ಮುಖ್ಯ.

ಬ್ಯಾಂಕಿನಲ್ಲಿ ಸ್ಟ್ರಾಂಗ್ ರೂಮಿನ ಬೀಗಕ್ಕೆ ಎರಡು ಕೀಲಿಗಳಿರುತ್ತವೆ. ಇಬ್ಬರು ಅಧಿಕಾರಿಗಳು ಒಂದೊಂದನ್ನು ಇಟ್ಟುಕೊಳ್ಳುತ್ತಾರೆ. ಕೌಂಟರಿನ ಕ್ಯಾಷಿಯರಿಗೆ ದಿನದ ವಹಿವಾಟಿಗೆ ಬೇಕಾದಷ್ಟು ನಗದು ಕೊಡುತ್ತಾರೆಯೇ ಹೊರತು ಸ್ಟ್ರಾಂಗ್ ರೂಮಿನ ಕೀಲಿಯನ್ನಲ್ಲ. ಇದು ಕ್ಯಾಷಿಯರನ ಮೇಲಿನ ಅಪನಂಬಿಕೆಯಲ್ಲ. ಯಾರಾದರೂ ಅವನ ಎದೆಗೆ ಪಿಸ್ತೂಲು ಹಿಡಿದರೂ ಹೋಗುವುದು ಒಂದು ಪೆಟ್ಟಿಗೆಯಷ್ಟು ಹಣ ಮಾತ್ರ ಎಂಬ ಲೆಕ್ಕ.

ಡೇಟಾಬೇಸಿನಲ್ಲಿಯೂ ಇದೇ ನಿಯಮ ಸಾಧ್ಯವಿದೆ. ಒಂದು ಜಾಲತಾಣದ ದಿನನಿತ್ಯದ ಕೆಲಸಕ್ಕೆ ಬೇಕಾಗುವ ಅಧಿಕಾರಗಳು ನಾಲ್ಕು: ದಾಖಲೆಯನ್ನು ಓದುವುದು, ಸೇರಿಸುವುದು, ತಿದ್ದುವುದು, ಅಳಿಸುವುದು. ಇವಲ್ಲದೆ ಹೊಸ ಕೋಷ್ಟಕ ರಚಿಸುವ, ಇರುವ ಕೋಷ್ಟಕದ ರಚನೆಯನ್ನೇ ಬದಲಿಸುವ, ಇಡೀ ಕೋಷ್ಟಕವನ್ನು ಕಿತ್ತೊಗೆಯುವ ಅಧಿಕಾರಗಳು ಬೇರೆಯಿವೆ. ದಿನದ ಕೆಲಸಕ್ಕೆ ಅವು ಬೇಡ. ಬೇಕಾಗುವುದು ತಂತ್ರಾಂಶವನ್ನು ದೊಡ್ಡ ಆವೃತ್ತಿಗೆ ಏರಿಸುವಾಗ, ಅಂದರೆ ಅಪ್‌ಡೇಟಿನ ಹೊತ್ತಿನಲ್ಲಿ.

ಈಗ ಸಮಸ್ಯೆಯ ಗಂಟು ಎಲ್ಲಿದೆ ಎಂಬುದು ತಿಳಿಯುತ್ತದೆ. ಅಪ್‌ಡೇಟ್ ನಡುರಾತ್ರಿಯಲ್ಲಿಯೂ ತಾನಾಗಿ ನಡೆಯಬೇಕೆಂದರೆ ಜಾಲತಾಣದ ಕೈಯಲ್ಲಿ ಸ್ಟ್ರಾಂಗ್ ರೂಮಿನ ಕೀಲಿ ಸದಾಕಾಲ ಇರಬೇಕು. ಕೀಲಿಯನ್ನು ಕಿತ್ತುಕೊಂಡರೆ ಸುರಕ್ಷತೆ ಹೆಚ್ಚುತ್ತದೆ. ಆದರೆ ಅಪ್‌ಡೇಟ್ ಅರ್ಧಕ್ಕೆ ನಿಲ್ಲಬಹುದು. ಲಕ್ಷಾಂತರ ತಾಣಗಳು ಬಳಸುವ ವರ್ಡ್‌ಪ್ರೆಸ್‌ನ ಭದ್ರತಾ ಕೈಪಿಡಿಯೇ ಈ ಎರಡು ಮಾತುಗಳನ್ನೂ ಹೇಳುತ್ತದೆ: ನಿತ್ಯ ಬಳಕೆಗೆ ನಾಲ್ಕು ಅಧಿಕಾರಗಳು ಸಾಕು, ಆದರೆ ಉಳಿದವನ್ನು ತೆಗೆದರೆ ಕೆಲವು ಅಪ್‌ಡೇಟುಗಳು ಕೆಡಬಹುದು. ಅನುಕೂಲಕ್ಕೂ ಭದ್ರತೆಗೂ ನಡುವಿನ ಜಗಳವೆಲ್ಲ ಈ ಒಂದೇ ಕೀಲಿಯ ಸುತ್ತ ಇದೆ.

ಗೋಡೆಗಳಿಲ್ಲದ ಮನೆಯ ಪಾಡು ಏನೆಂಬುದನ್ನು ದೆಹಲಿಯವರು ಕಣ್ಣಾರೆ ಕಂಡಿದ್ದಾರೆ. 2022ರ ನವೆಂಬರ್ 23ರಂದು ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಐದು ಸರ್ವರುಗಳ ದತ್ತಾಂಶವನ್ನು ದಾಳಿಕೋರರು ಬಂಧಿಸಿದಾಗ, ರೋಗಿಗಳ ನೋಂದಣಿಯನ್ನು ಸುಮಾರು ಎರಡು ವಾರ ಕೈಬರಹದಲ್ಲಿ ಮಾಡಬೇಕಾಯಿತು. ಒಳಜಾಲವನ್ನು ಸರಿಯಾಗಿ ವಿಂಗಡಿಸಿರಲಿಲ್ಲ ಎಂಬುದೇ ಸರಕಾರ ಸಂಸತ್ತಿಗೆ ಕೊಟ್ಟ ಕಾರಣ. ಒಂದು ಕೋಣೆಗೆ ಬಂದ ಕಳ್ಳನಿಗೆ ಎಲ್ಲ ಕೋಣೆಗಳೂ ಸಿಕ್ಕಿದವು.

ದೊಡ್ಡವರ ದಾರಿ, ಸಣ್ಣವರ ಪಾಡು

ದೊಡ್ಡ ಬ್ಯಾಂಕುಗಳು ಈ ಗಂಟನ್ನು ಹಣ ಮತ್ತು ಜನಬಲದಿಂದ ಬಿಡಿಸುತ್ತವೆ. ಅಪ್‌ಡೇಟನ್ನು ಮೊದಲು ಪರೀಕ್ಷೆಯ ಯಂತ್ರದಲ್ಲಿ ಹಾಕಿ ನೋಡುವುದು, ನಂತರ ಮುಖ್ಯ ಸರ್ವರಿಗೆ ಜೋಡಿಯಾಗಿರುವ ಬದಲಿ ಸರ್ವರಿನಲ್ಲಿ, ಕೊನೆಗೆ ವಹಿವಾಟು ಕಡಿಮೆಯಿರುವ ರಾತ್ರಿಯಲ್ಲಿ ಮುಖ್ಯ ಸರ್ವರಿನಲ್ಲಿ ಹಾಕುವುದು, ಕೆಟ್ಟರೆ ಹಿಂದಕ್ಕೆ ಬರುವ ದಾರಿಯನ್ನು ಮೊದಲೇ ಬರೆದಿಡುವುದು, ಹಾಕುವವರು ಒಬ್ಬರು, ಒಪ್ಪಿಗೆ ಕೊಡುವವರು ಇನ್ನೊಬ್ಬರು. ಚೆಕ್ಕಿಗೆ ಎರಡು ಸಹಿ ಹಾಕುವ ಹಳೆಯ ಪದ್ಧತಿಯೇ ಇಲ್ಲಿ ವೇಷ ಬದಲಿಸಿ ಬಂದಿದೆ. ಲೆಕ್ಕ ವರ್ಷದ ಕೊನೆಯ ದಿನಗಳಲ್ಲಿ ತುರ್ತಲ್ಲದ ಬದಲಾವಣೆಗಳನ್ನು ಮುಂದೂಡುವುದೂ ಈ ಶಿಸ್ತಿನ ಭಾಗವೇ.

ಸಣ್ಣ ಸಹಕಾರಿ ಬ್ಯಾಂಕುಗಳಿಗೆ ಇಷ್ಟು ಬಲವಿಲ್ಲ. ರಿಸರ್ವ್ ಬ್ಯಾಂಕ್ ಇದನ್ನು ತಿಳಿದೇ 2019ರ ಡಿಸೆಂಬರ್ 31ರಂದು ನಗರ ಸಹಕಾರಿ ಬ್ಯಾಂಕುಗಳನ್ನು ಅವುಗಳ ಡಿಜಿಟಲ್ ವ್ಯವಹಾರದ ಆಳಕ್ಕೆ ತಕ್ಕಂತೆ ನಾಲ್ಕು ಹಂತಗಳಾಗಿ ವಿಂಗಡಿಸಿ ಭದ್ರತಾ ನಿಯಮಗಳನ್ನು ವಿಧಿಸಿತು. ನಿಯಮ ಬ್ಯಾಂಕಿಗೆ ಅನ್ವಯಿಸಿದರೂ ಸರ್ವರ್ ಇರುವುದು ಹಲವೊಮ್ಮೆ ಸೇವೆ ನೀಡುವ ಸಂಸ್ಥೆಯ ಬಳಿ. ಅದರ ಕೆಲಸದ ಒಂದು ಪಾಲು ಮೂರನೆಯವರ ಬಳಿ. ಸಿ-ಎಡ್ಜ್ ಪ್ರಕರಣದಲ್ಲಿ ಕ್ಲೌಡ್‌ಸೆಕ್ ಬೆರಳು ತೋರಿದ ಜೆಂಕಿನ್ಸ್ ಎಂಬುದು ತಂತ್ರಾಂಶವನ್ನು ಸಿದ್ಧಗೊಳಿಸಿ ತಾನಾಗಿಯೇ ರವಾನಿಸುವ ಯಂತ್ರ. ಅನುಕೂಲಕ್ಕಾಗಿ ಇಟ್ಟ ಯಂತ್ರವೇ ಕಳ್ಳನ ಏಣಿಯಾಯಿತು. 300 ಬ್ಯಾಂಕುಗಳ ಗ್ರಾಹಕರು ಆ ಮೂರನೆಯ ಸಂಸ್ಥೆಯ ಹೆಸರನ್ನೂ ಕೇಳಿರಲಾರರು.

ಇನ್ನೂ ಕೆಳಗಿನ ಮೆಟ್ಟಿಲಿನಲ್ಲಿ ನಾವಿದ್ದೇವೆ. ಹೊರನಾಡಿನಲ್ಲಿ ಮೂರು ನಾಲ್ಕು ತಲೆಮಾರುಗಳಿಂದ ನೆಲೆಸಿದ ಕನ್ನಡಿಗರು ಕಟ್ಟಿದ ಸಂಘಗಳು, ಶಾಲೆಗಳು, ಪತ್ತಿನ ಸಹಕಾರಿ ಸಂಘಗಳು ಎಷ್ಟೋ ಇವೆ. ಸದಸ್ಯರ ವಿಳಾಸ, ದೂರವಾಣಿ, ವಧೂವರರ ಜಾತಕ, ವಿದ್ಯಾರ್ಥಿವೇತನದ ಅರ್ಜಿಯೊಂದಿಗೆ ಬಂದ ಆದಾಯದ ದಾಖಲೆ, ಆಧಾರ್ ಪ್ರತಿ ಇವೆಲ್ಲ ಅಲ್ಲಿ ಸೇರಿವೆ. ಜಾಲತಾಣವನ್ನು ಯಾರೋ ಉತ್ಸಾಹಿ ಯುವಕ ಮಾಡಿಕೊಟ್ಟಿರುತ್ತಾನೆ. ಅವನು ಕೆಲಸದ ಮೇಲೆ ವಿದೇಶಕ್ಕೆ ಹೋದ ಮೇಲೆ ಅದರ ಗುಪ್ತಪದ ಯಾರಿಗೂ ಗೊತ್ತಿರುವುದಿಲ್ಲ. ಪತ್ತಿನ ಸಹಕಾರಿ ಸಂಘಗಳಿಗಂತೂ ಬ್ಯಾಂಕುಗಳಿಗಿರುವ ಠೇವಣಿ ವಿಮೆಯ ರಕ್ಷಣೆಯೂ ಇಲ್ಲ. ಬಾಗಿಲು ಕಾಯುವವರಿಲ್ಲದ ಇಂತಹ ಮನೆಗಳಿಗೆ ಯಾವುದು ಮೇಲು?

ನನ್ನ ಅಭಿಪ್ರಾಯ ಹೀಗಿದೆ. ನಿತ್ಯ ಗಮನಿಸುವ ಒಬ್ಬ ತಂತ್ರಜ್ಞನಿಲ್ಲದ ಸಂಸ್ಥೆ ಸ್ವಯಂಚಾಲಿತ ಅಪ್‌ಡೇಟನ್ನು ನಿಲ್ಲಿಸಬಾರದು. ‘ಪರೀಕ್ಷಿಸಿ ಹಾಕುತ್ತೇವೆ’ ಎಂಬುದು ಪರೀಕ್ಷಿಸುವವರಿದ್ದಾಗ ಮಾತ್ರ ಅರ್ಥವುಳ್ಳ ಮಾತು. ಇಲ್ಲದಿದ್ದರೆ ಅದು ‘ಹಾಕುವುದಿಲ್ಲ’ ಎಂಬುದರ ಸಭ್ಯ ರೂಪ. ವರ್ಡ್‌ಪ್ರೆಸ್ 2013ರ ಅಕ್ಟೋಬರ್‌ನಿಂದ ಸಣ್ಣ ಭದ್ರತಾ ದುರಸ್ತಿಗಳನ್ನು ತಾನಾಗಿಯೇ ಹಾಕಿಕೊಳ್ಳುತ್ತದೆ. ಅಂತಹವು ಸಾಮಾನ್ಯವಾಗಿ ಕೋಷ್ಟಕಗಳ ರಚನೆಯನ್ನು ಮುಟ್ಟುವುದಿಲ್ಲ, ಅವು ಬರಲಿ. ದೊಡ್ಡ ಆವೃತ್ತಿಯ ಬದಲಾವಣೆಯನ್ನು ಮಾತ್ರ ತಿಂಗಳಿಗೊಮ್ಮೆ, ಬಲ್ಲವರನ್ನು ಕೂರಿಸಿಕೊಂಡು, ಆ ಹೊತ್ತಿಗೆ ಮಾತ್ರ ದೊಡ್ಡ ಕೀಲಿಯನ್ನು ಕೊಟ್ಟು ಮಾಡಬಹುದು. ಅಷ್ಟೂ ಆಗದಿದ್ದರೆ ಕೀಲಿ ತಾಣದ ಬಳಿಯೇ ಇರಲಿ. ಆದರೆ ಆ ಕೀಲಿಯಿಂದ ತೆರೆಯುವ ಕೋಣೆಯಲ್ಲಿ ಸುದ್ದಿ, ಛಾಯಾಚಿತ್ರಗಳು ಮಾತ್ರ ಇರಲಿ. ಸದಸ್ಯರ ಪಟ್ಟಿ, ಜಾತಕ, ಲೆಕ್ಕಪತ್ರ ಬೇರೆ ಡೇಟಾಬೇಸಿನಲ್ಲಿ, ಬೇರೆ ಗುಪ್ತಪದದ ಹಿಂದೆ ಇರಲಿ.

ಡೇಟಾಬೇಸನ್ನು ಅಂತರ್ಜಾಲಕ್ಕೆ ನೇರವಾಗಿ ತೆರೆದಿಡಬಾರದೆಂಬುದು ಎರಡನೆಯ ಮಾತು. 2017ರ ಜನವರಿಯಲ್ಲಿ ಮೊಂಗೋಡಿಬಿ ಎಂಬ ಡೇಟಾಬೇಸ್ ಬಳಸುತ್ತಿದ್ದ ಸಾವಿರಾರು ಸರ್ವರುಗಳ ದತ್ತಾಂಶವನ್ನು ಕಳ್ಳರು ಅಳಿಸಿ, ಹಣ ಕೇಳುವ ಚೀಟಿ ಬಿಟ್ಟುಹೋದರು. ಅಲ್ಲಿ ಯಾವ ಸೂಕ್ಷ್ಮ ದೋಷವೂ ಇರಲಿಲ್ಲ, ಗುಪ್ತಪದವನ್ನೇ ಹಾಕಿರಲಿಲ್ಲ. ಬೀಗವೇ ಇಲ್ಲದ ಬಾಗಿಲಿಗೆ ಯಾವ ಅಪ್‌ಡೇಟ್ ಏನು ಮಾಡೀತು?

ಮೂರನೆಯದು, ನಕಲು ಪ್ರತಿ. ಬ್ಯಾಂಕಿನಲ್ಲಿ ನಕಲಿ ಕೀಲಿಗಳನ್ನು ಬೇರೊಂದು ಶಾಖೆಯಲ್ಲಿ ಇಡುವ ರೂಢಿಯಿದೆ. ದತ್ತಾಂಶದ ಪ್ರತಿಯೂ ಹಾಗೆಯೇ ಅದೇ ಯಂತ್ರದಲ್ಲಲ್ಲದೆ, ಜಾಲಕ್ಕೆ ಜೋಡಿಸದ ಬೇರೊಂದು ಕಡೆ ಇರಬೇಕು. ಮೆರ್ಸ್ಕ್ ಕಂಪನಿಯ ಜಗತ್ತಿನಾದ್ಯಂತದ ಯಂತ್ರಗಳು ಸೋಂಕಿಗೆ ಬಲಿಯಾದಾಗ, ಇಡೀ ಜಾಲಕ್ಕೆ ಆಧಾರವಾದ ಸರ್ವರಿನ ಒಂದೇ ಒಂದು ಒಳ್ಳೆಯ ಪ್ರತಿ ಉಳಿದದ್ದು ಆಫ್ರಿಕಾದ ಘಾನಾ ದೇಶದ ಕಚೇರಿಯಲ್ಲಿ. ಅಲ್ಲಿ ಆ ಹೊತ್ತಿಗೆ ವಿದ್ಯುತ್ ಹೋಗಿತ್ತು! ಅದೃಷ್ಟದಿಂದ ಅವರಿಗೆ ದೊರೆತದ್ದನ್ನು ನಾವು ಶಿಸ್ತಿನಿಂದ ಪಡೆಯಬಹುದು. ಪ್ರತಿ ತೆಗೆದರೆ ಸಾಲದು, ವರ್ಷಕ್ಕೊಮ್ಮೆಯಾದರೂ ಅದರಿಂದ ದಾಖಲೆಗಳನ್ನು ಮರಳಿ ಎತ್ತಿ ನೋಡಬೇಕು.

ನಾಲ್ಕನೆಯದು ಅತ್ಯಂತ ಅಗ್ಗದ ಭದ್ರತೆ: ಬೇಡದ್ದನ್ನು ಇಟ್ಟುಕೊಳ್ಳದಿರುವುದು. ಹತ್ತು ವರ್ಷಗಳ ಹಿಂದೆ ಮದುವೆಯಾಗಿ ಹೋದವರ ಜಾತಕ ಈಗೇಕೆ? ವಿದ್ಯಾರ್ಥಿವೇತನ ಕೊಟ್ಟು ಮುಗಿದ ಮೇಲೆ ಆಧಾರ್ ಪ್ರತಿ ಏಕೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ, ದತ್ತಾಂಶವನ್ನು ಕಾಯಲು ತಕ್ಕ ಎಚ್ಚರ ವಹಿಸದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಸಣ್ಣ ಸಂಘಕ್ಕೆ ಅಷ್ಟು ದಂಡ ಬೀಳಲಾರದು. ಆದರೆ ಒಬ್ಬ ಹೆಣ್ಣುಮಗಳ ಛಾಯಾಚಿತ್ರ, ವಿಳಾಸ ಕಂಡವರ ಕೈಸೇರಿದರೆ ಆ ಮನೆಯವರ ಮುಂದೆ ಸಂಘ ಯಾವ ಮುಖ ಹೊತ್ತು ನಿಂತೀತು?

ಮಹಾಸಭೆಯಲ್ಲಿ ಕೇಳಬೇಕಾದುದು

ನಮ್ಮ ವಾರ್ಷಿಕ ಮಹಾಸಭೆಗಳಲ್ಲಿ ಜಮಾಖರ್ಚಿನ ಪ್ರತಿಯೊಂದು ಸಾಲಿಗೂ ಚರ್ಚೆ ನಡೆಯುತ್ತದೆ. ಉಪಾಹಾರದ ಖರ್ಚು ಹೋದ ವರ್ಷಕ್ಕಿಂತ ಎರಡು ಸಾವಿರ ಹೆಚ್ಚಾದದ್ದೇಕೆ ಎಂದು ಕೇಳುವ ಹಿರಿಯರಿದ್ದಾರೆ. ಅವರು ಕೇಳುವುದು ಸರಿಯೇ. ಅದೇ ಸಭೆಯಲ್ಲಿ ಇನ್ನು ಮೂರು ಪ್ರಶ್ನೆಗಳನ್ನೂ ಕೇಳೋಣ. ನಮ್ಮ ಸದಸ್ಯರ ದಾಖಲೆಗಳು ಎಲ್ಲಿವೆ, ಅವುಗಳ ದೊಡ್ಡ ಕೀಲಿ ಯಾರ ಹೆಸರಿನಲ್ಲಿದೆ? ಕೊನೆಯ ಭದ್ರತಾ ತೇಪೆ ಯಾವ ತಾರೀಕಿಗೆ ಹಾಕಲಾಯಿತು? ನಾಳೆ ಎಲ್ಲವೂ ಅಳಿಸಿಹೋದರೆ ಎಷ್ಟು ದಿನಗಳಲ್ಲಿ ಮರಳಿ ಪಡೆಯಬಹುದು, ಅದನ್ನು ಎಂದಾದರೂ ಮಾಡಿ ನೋಡಿದ್ದೇವೆಯೇ? ಠೇವಣಿ ಇಟ್ಟಿರುವ ಸಹಕಾರಿ ಬ್ಯಾಂಕಿನ ಮಹಾಸಭೆಯಲ್ಲಿ ಷೇರುದಾರರಾಗಿ ಇವನ್ನೇ ಕೇಳುವ ಹಕ್ಕು ನಮಗಿದೆ. ಲಾಭಾಂಶ ಎಷ್ಟೆಂದು ಕೇಳುವಷ್ಟೇ ಸಹಜವಾಗಿ ಕೇಳಬೇಕು.

ಈ ಪ್ರಶ್ನೆಗಳಿಗೆ ಉತ್ತರಿಸಲು ಒಬ್ಬರ ಹೆಸರನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಬೇಕು. ಹೊಸ ಕಾರ್ಯಕಾರಿ ಸಮಿತಿ ಅಧಿಕಾರ ವಹಿಸಿಕೊಳ್ಳುವಾಗ ಚೆಕ್ಕುಪುಸ್ತಕ, ರಬ್ಬರ್ ಮೊಹರುಗಳ ಜತೆಗೆ ಗುಪ್ತಪದಗಳನ್ನೂ ಪಟ್ಟಿ ಮಾಡಿ ಹಸ್ತಾಂತರಿಸಿ, ಅಂದೇ ಬದಲಾಯಿಸಬೇಕು. ಇದಕ್ಕೆ ದೊಡ್ಡ ಮೊತ್ತವೂ ಬೇಡ, ದೊಡ್ಡ ತಂತ್ರಜ್ಞಾನವೂ ಬೇಡ. ಈ ವರ್ಷದ ಮಹಾಸಭೆಯ ಕಾರ್ಯಸೂಚಿಯಲ್ಲಿ ಇದಕ್ಕೊಂದು ಸಾಲು ಸೇರಿಸುವಂತೆ ತಮ್ಮ ತಮ್ಮ ಸಂಘಗಳ ಕಾರ್ಯದರ್ಶಿಗಳನ್ನು ಸದಸ್ಯ ಬಾಂಧವರು ಈಗಲೇ ಕೇಳಿಕೊಳ್ಳುವುದು ಒಳಿತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಮಾತು ನಮ್ಮ ಸಂಸ್ಥೆಗಳ ಪಾಲಿಗೆ ಬಾರದಿರಲಿ.